ಆ ವರ್ಷದ ಐದು ನಾಯಕಿಯರಲ್ಲಿ ಮೊದಲು ಯಾರನ್ನು ನೋಡೋಣ?

ಪ್ರಶ್ನೆ, ಶಿವಮೊಗ್ಗದಿಂದ

ನಮ್ಮದೊಂದು ಹವ್ಯಾಸಿ ನಾಟಕ ತಂಡ. ಮಳೆಗಾಲದಲ್ಲಿ ಪ್ರದರ್ಶನ ಕಡಿಮೆ, ಹಾಗಾಗಿ ವಾರಕ್ಕೊಂದು ಸಿನಿಮಾ ನೋಡಿ ನಟನೆಯ ಬಗ್ಗೆ ಮಾತಾಡೋಣ ಅಂತ ನಿರ್ಧಾರವಾಗಿದೆ. 2024ರ ಮಾರ್ಚ್ 10ರ ಆಸ್ಕರ್ ಸಮಾರಂಭದಲ್ಲಿ ಅತ್ಯುತ್ತಮ ನಟಿ ವಿಭಾಗದಲ್ಲಿದ್ದ ಐದು ಪಾತ್ರಗಳನ್ನು ಆರಿಸಿಕೊಂಡಿದ್ದೇವೆ: 'ಪೂರ್ ಥಿಂಗ್ಸ್'ನ ಎಮ್ಮಾ ಸ್ಟೋನ್, 'ಕಿಲ್ಲರ್ಸ್ ಆಫ್ ದ ಫ್ಲವರ್ ಮೂನ್'ನ ಲಿಲಿ ಗ್ಲ್ಯಾಡ್‌ಸ್ಟೋನ್, 'ಅನಾಟಮಿ ಆಫ್ ಎ ಫಾಲ್'ನ ಸಾಂಡ್ರಾ ಹ್ಯೂಲರ್, 'ಮೇಸ್ಟ್ರೊ'ದ ಕ್ಯಾರಿ ಮಲ್ಲಿಗನ್, 'ನಯಾಡ್'ನ ಅನೆಟ್ ಬೆನಿಂಗ್. ಗೆದ್ದದ್ದು ಸ್ಟೋನ್ ಅಂತ ಗೊತ್ತು. ಆದರೆ ನಮಗೆ ಬೇಕಿರುವುದು ಐದನ್ನೂ ನೋಡಿದವರ ಅಭಿಪ್ರಾಯ. ನಿಮ್ಮ ಲೆಕ್ಕದಲ್ಲಿ ಯಾರು ಮೊದಲು, ಯಾರು ಕೊನೆ, ಯಾಕೆ? ಯಾವ ದೃಶ್ಯದಲ್ಲಿ ಏನನ್ನು ಗಮನಿಸಬೇಕು? ಕಥೆ ಹೇಳಿದರೂ ಪರವಾಗಿಲ್ಲ.

ಉತ್ತರ, ಬೆಂಗಳೂರಿನಿಂದ

ಮೇಡಂ, ಈ ಐದು ಪಾತ್ರಗಳ ಬಗ್ಗೆ ಗೆಳೆಯರ ಜೊತೆ ಬಹಳ ಜಗಳವಾಡಿದವನು ನಾನು, ಆದ್ದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ. ನನ್ನ ಕ್ರಮ ಹೀಗೆ: ಹ್ಯೂಲರ್, ಗ್ಲ್ಯಾಡ್‌ಸ್ಟೋನ್, ಸ್ಟೋನ್, ಮಲ್ಲಿಗನ್, ಬೆನಿಂಗ್. ಮೊದಲ ಇಬ್ಬರ ನಡುವೆ ಇರುವುದು ಕೂದಲೆಳೆಯ ಅಂತರ. ಮೂರನೆಯವರಿಂದ ಮುಂದೆ ಅಂತರ ಜಾಸ್ತಿಯಾಗುತ್ತದೆ.

ನಾನು ನೋಡುವುದು ಮುಖ್ಯವಾಗಿ ಒಂದನ್ನು. ಎದುರಿನವರು ಮಾತಾಡುತ್ತಿರುವಾಗ ಈ ನಟಿ ಏನು ಮಾಡುತ್ತಿದ್ದಾಳೆ? ತನ್ನ ಸರದಿಗಾಗಿ ಕಾಯುತ್ತಿದ್ದಾಳೋ, ನಿಜವಾಗಿ ಕೇಳಿಸಿಕೊಳ್ಳುತ್ತಿದ್ದಾಳೋ? ಪ್ರಶಸ್ತಿ ಕೊಡುವವರ ಕಣ್ಣಿಗೆ ಬೇಗ ಬೀಳುವುದು ಎಣಿಸಬಹುದಾದ ಶ್ರಮ: ಬದಲಾದ ನಡಿಗೆ, ಬದಲಾದ ಉಚ್ಚಾರಣೆ, ಮುಖದ ಮೇಲಿನ ಮೇಕಪ್. ಕೇಳಿಸಿಕೊಳ್ಳುವುದನ್ನು ಹಾಗೆ ಎಣಿಸಲು ಬರುವುದಿಲ್ಲ. ನಾಟಕದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹ್ಯೂಲರ್ ಮಾಡಿರುವುದು ಸಾಂಡ್ರಾ ಎಂಬ ಜರ್ಮನ್ ಲೇಖಕಿಯ ಪಾತ್ರ. ಫ್ರಾನ್ಸಿನ ಗ್ರೆನೋಬ್ಲ್ ಹತ್ತಿರದ ಹಿಮದ ಬೆಟ್ಟದ ಮನೆಯಲ್ಲಿ ಫ್ರೆಂಚ್ ಗಂಡ, ದೃಷ್ಟಿ ಮಂದವಾದ ಮಗ, ಒಂದು ನಾಯಿ. ಗಂಡ ಮೇಲಿನಿಂದ ಬಿದ್ದು ಸಾಯುತ್ತಾನೆ. ಬಿದ್ದನೋ, ಹಾರಿದನೋ, ಇವಳೇ ತಳ್ಳಿದಳೋ? ಇಡೀ ಸಿನಿಮಾ ಈ ಪ್ರಶ್ನೆಯ ವಿಚಾರಣೆ. 2023ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಪಾಮ್ ದೋರ್ ಬಂದದ್ದು ಇದಕ್ಕೇ. ನಿರ್ದೇಶಕಿ ಜಸ್ಟೀನ್ ತ್ರಿಯೆ. ಮೊದಲ ದೃಶ್ಯವನ್ನೇ ನಿಮ್ಮವರಿಗೆ ತೋರಿಸಿ. ವಿದ್ಯಾರ್ಥಿನಿಯೊಬ್ಬಳು ಸಂದರ್ಶನಕ್ಕೆ ಬಂದಿದ್ದಾಳೆ, ಸಾಂಡ್ರಾ ಕೈಯಲ್ಲಿ ವೈನ್ ಗ್ಲಾಸು. ಉತ್ತರ ಕೊಡುವ ಬದಲು ಬಂದವಳನ್ನೇ ಪ್ರಶ್ನೆ ಕೇಳುತ್ತಾಳೆ, ನಗುತ್ತಾಳೆ. ಅಷ್ಟರಲ್ಲಿ ಮಹಡಿಯಿಂದ ಗಂಡ ಜೋರಾಗಿ ಸಂಗೀತ ಹಾಕುತ್ತಾನೆ, ನಿಲ್ಲಿಸುವುದೇ ಇಲ್ಲ. ಅವಳ ಮುಖದ ನಗು ಹಾಗೇ ಇರುತ್ತದೆ, ಕಣ್ಣು ಮಾತ್ರ ಬೇರೆಲ್ಲೋ ಹೋಗಿಬಿಡುತ್ತದೆ. ಗಂಡ ಹೆಂಡತಿ ಒಂದು ಮಾತೂ ಆಡದೆ ಆ ಮದುವೆಯ ಸ್ಥಿತಿ ನಮಗೆ ತಿಳಿಯುತ್ತದೆ.

ಆಮೇಲೆ ಬರುವ ಜಗಳದ ದೃಶ್ಯ. ಸಾಯುವ ಹಿಂದಿನ ದಿನ ಗಂಡ ಗುಟ್ಟಾಗಿ ರೆಕಾರ್ಡ್ ಮಾಡಿಕೊಂಡ ಜಗಳವನ್ನು ಕೋರ್ಟಿನಲ್ಲಿ ಕೇಳಿಸುತ್ತಾರೆ. ಹ್ಯೂಲರ್ ಮೊದಲು ಸಮಾಧಾನವಾಗಿ, ಬಹುತೇಕ ದಯೆಯಿಂದಲೇ ಮಾತಾಡುತ್ತಾರೆ. ಗಂಡ ತನ್ನ ಸಮಯವನ್ನೆಲ್ಲ ನೀನು ತಿಂದೆ ಎಂದಾಗಲೂ ವಾದವನ್ನು ಒಂದೊಂದಾಗಿ ಬಿಚ್ಚಿ ಉತ್ತರಿಸುತ್ತಾರೆ. ಆ ಸಮಾಧಾನವೇ ಅವನಿಗೆ ಹೊಡೆತದಂತೆ ತಾಗುತ್ತಿದೆ ಎಂದು ನಮಗೆ ಅರ್ಥವಾಗುವ ಹೊತ್ತಿಗೆ ಅವಳ ಸಿಟ್ಟೂ ಹತ್ತಿಕೊಂಡಿರುತ್ತದೆ. ಕೈ ಮೀರುವ ಕ್ಷಣಕ್ಕೆ ಸರಿಯಾಗಿ ಚಿತ್ರ ಕೋರ್ಟಿಗೆ ಬರುತ್ತದೆ, ಮುಂದಿನದು ಬರೀ ಸದ್ದು. ಆ ಸದ್ದನ್ನು ಜನರ ಮಧ್ಯೆ ಕುಳಿತು ಕೇಳುತ್ತಿರುವ ಸಾಂಡ್ರಾಳ ಮುಖ ನೋಡಿ. ಅಪರಾಧಿಯ ಮುಖವೂ ಹಾಗಿರಬಹುದು, ತನ್ನ ಸಂಸಾರ ಬೀದಿಗೆ ಬಂತಲ್ಲ ಎಂದು ಕುಗ್ಗಿದವಳ ಮುಖವೂ ಹಾಗಿರಬಹುದು. ಈ ಎರಡನ್ನೂ ಇಷ್ಟು ಹೊತ್ತು ಒಟ್ಟಿಗೆ ಹಿಡಿದಿಡುವುದು ಎಷ್ಟು ಕಷ್ಟ ಅಂತ ಯೋಚಿಸಿದಾಗಲೆಲ್ಲ ನನಗೆ ಅವರ ಮೇಲೆ ಗೌರವ ಹೆಚ್ಚುತ್ತದೆ. ಅದೇ ವರ್ಷ 'ದ ಜೋನ್ ಆಫ್ ಇಂಟರೆಸ್ಟ್'ನಲ್ಲಿ ನಾಜಿಗಳ ಔಶ್ವಿಟ್ಜ್ ಮರಣಶಿಬಿರದ ಗೋಡೆಯ ಪಕ್ಕದ ಮನೆಯೊಡತಿಯಾಗಿಯೂ ಇವರೇ ಇದ್ದಾರೆ. ನೋಡಿದರೆ ಇಬ್ಬರೂ ಒಬ್ಬರೇ ಎಂದು ನಂಬುವುದು ಕಷ್ಟ.

ಗ್ಲ್ಯಾಡ್‌ಸ್ಟೋನ್ ಅವರದು ಮಾಲಿ ಬರ್ಕ್‌ಹಾರ್ಟ್, 1920ರ ದಶಕದ ಓಕ್ಲಹೋಮಾದಲ್ಲಿ ಬದುಕಿದ್ದ ನಿಜವಾದ ಹೆಂಗಸು. ಅಮೆರಿಕದ ಮೂಲನಿವಾಸಿಗಳಾದ ಓಸೇಜ್ ಜನರ ನೆಲದಡಿ ಎಣ್ಣೆ ಸಿಕ್ಕಿತು, ಆ ಹಣದ ಹಕ್ಕಿಗಾಗಿ ಅವರನ್ನು ಒಬ್ಬೊಬ್ಬರಾಗಿ ಕೊಂದರು. ಮಾಲಿಯ ಮನೆಯವರನ್ನು ಕೊಲ್ಲಿಸುವುದರಲ್ಲಿ ಅವಳ ಸ್ವಂತ ಗಂಡನ ಕೈಯೂ ಇತ್ತು. ಆರಂಭದಲ್ಲೇ ಒಂದು ದೃಶ್ಯ: ಹೊರಗೆ ಬಿರುಗಾಳಿ ಮಳೆ, ಊಟದ ಮೇಜಿನಲ್ಲಿ ಮುಂದೆ ಅವಳ ಗಂಡನಾಗುವ ಅರ್ನೆಸ್ಟ್ ಸುಮ್ಮನಿರಲಾರದೆ ಚಡಪಡಿಸುತ್ತಾನೆ. ಮಳೆಗೆ ಶಕ್ತಿ ಇದೆ, ಸ್ವಲ್ಪ ಹೊತ್ತು ಸುಮ್ಮನಿರು ಎಂದು ಹೇಳಿ ಮಾಲಿ ಹೊದಿಕೆ ಹೊದ್ದು ಕುಳಿತುಬಿಡುತ್ತಾಳೆ. ಆ ಕೂರುವಿಕೆಯಲ್ಲಿ ಅಷ್ಟು ಅಧಿಕಾರ ಇದೆ. ಕೊನೆಯಲ್ಲಿ, ನನಗೆ ಚುಚ್ಚುತ್ತಿದ್ದ ಔಷಧಿಯಲ್ಲಿ ಏನಿತ್ತು ಎಂದು ಗಂಡನನ್ನು ಕೇಳುತ್ತಾಳೆ. ಇನ್ಸುಲಿನ್ ಎನ್ನುತ್ತಾನೆ, ಅದರಲ್ಲಿ ವಿಷ ಬೆರೆಸಿದ್ದನ್ನು ಬಾಯಿ ಬಿಡುವುದಿಲ್ಲ. ಅವಳು ಇನ್ನೂ ಸ್ವಲ್ಪ ಹೊತ್ತು ಕಾಯುತ್ತಾಳೆ, ಸುಳ್ಳನ್ನು ಹಿಂತೆಗೆದುಕೊಳ್ಳಲು ಅವನಿಗೊಂದು ಅವಕಾಶ ಕೊಟ್ಟಂತೆ. ಆಮೇಲೆ ಎದ್ದು ಹೋಗುತ್ತಾಳೆ. ಮೂರು ಗಂಟೆ ಇಪ್ಪತ್ತಾರು ನಿಮಿಷದ ಸಿನಿಮಾ ಆ ಒಂದು ಕಾಯುವಿಕೆಗೆ ಬಂದು ನಿಲ್ಲುತ್ತದೆ.

ನನಗಿರುವ ಅಸಮಾಧಾನ ನಟಿಯ ಮೇಲಲ್ಲ, ಚಿತ್ರಕಥೆಯ ಮೇಲೆ. ನಡುವಿನ ದೊಡ್ಡ ಭಾಗದಲ್ಲಿ ಮಾಲಿಯನ್ನು ಹಾಸಿಗೆ ಹಿಡಿಸಿ, ಕಥೆಯನ್ನು ಗಂಡಸರ ಕೈಗೆ ಕೊಟ್ಟುಬಿಡುತ್ತಾರೆ. ಗ್ಲ್ಯಾಡ್‌ಸ್ಟೋನ್ ನನ್ನ ಪಟ್ಟಿಯಲ್ಲಿ ಎರಡನೆಯವರಾಗಿರುವುದು ಅಷ್ಟಕ್ಕೇ.

ಉತ್ತರ, ಧಾರವಾಡದಿಂದ

ಇಲ್ರಿ ಸರ, ನಾ ಒಪ್ಪಂಗಿಲ್ಲ. ಸುಮ್ಮ ಕುಂತು ಮಾಡಿದ್ದಷ್ಟ ನಟನೆ ಅಂದ್ರ ಮೈತುಂಬ ಮಾಡೋ ನಟನೆಗೆ ಅನ್ಯಾಯ ಆಕ್ಕೈತಿ. ಎಮ್ಮಾ ಸ್ಟೋನ್ ಮೊದಲನೇದವ್ರು. 'ಪೂರ್ ಥಿಂಗ್ಸ್'ನ್ಯಾಗ ಬೆಲ್ಲಾ ಅನ್ನೋ ಬೆಳೆದ ಹೆಂಗಸಿನ ಮೈಯಾಗ ಕೂಸಿನ ಮಿದುಳು ಇಟ್ಟಾರ, ಅದು ದಿನಾ ಬೆಳಿತೈತಿ. ಹಂಗಂದ್ರ ನಟಿ ಎರಡು ತಾಸಿನಾಗ ಕೂಸಿಂದ ಹಿಡದು ಪ್ರಬುದ್ಧ ಹೆಂಗಸಿನ ತನಕ ಬರಬೇಕು, ಎಲ್ಲೂ ಜಿಗಿದಂಗ ಕಾಣಬಾರ್ದು. ಮೊದಲ ಕಪ್ಪು-ಬಿಳುಪು ಭಾಗದಾಗ ಬೆಲ್ಲಾ ಮೊಣಕಾಲು ಮಡಚದ ನಡಿತಾಳ. ಲಿಸ್ಬನ್‌ನಾಗ ಕುಣಿಯೋ ಮುಂದ ಮೈ ಮೊದಲು ಹೋಗ್ತೈತಿ, ತಲಿ ಆಮ್ಯಾಗ. ಪ್ಯಾರಿಸ್ಸಿಗೆ ಬರೂದ್ರಾಗ ಬೆನ್ನು ನೆಟ್ಟಗಾಗಿರ್ತೈತಿ, ವಾಕ್ಯ ಪೂರ್ತಿ ಆಗಿರ್ತಾವ. ಒಂದೊಂದು ಊರಿಗೆ ಒಂದೊಂದು ನಡಿಗೆ ನೋಡ್ರಿ! ನಾಟಕದ ಹುಡುಗ್ರಿಗೆ ಇದಕ್ಕಿಂತ ಚಲೋ ಪಾಠ ಇಲ್ಲ. ಅಲೆಕ್ಸಾಂಡ್ರಿಯಾದಾಗ ಬಡವರ ಕೂಸುಗಳು ಸಾಯೋದು ಕಂಡು ಆಕಿ ಅಳೋದೈತಲ್ಲ, ಅಲ್ಲಿ ಆಟ ಮುಗಿದು ಮನುಷ್ಯತ್ವ ಚಾಲೂ ಆಕ್ಕೈತಿ. ನಾ ಬರೋಬ್ಬರಿ ಅತ್ತೀನಿ.

ಆದ್ರ ಒಂದು ಮಾತು. ಇದು ದೊಡ್ಡವರ ಸಿನಿಮಾ. ನಿಮ್ಮ ತಂಡದಾಗ ಹದಿನೆಂಟರೊಳಗಿನ ಮಕ್ಕಳಿದ್ರ ತೋರಿಸಬ್ಯಾಡ್ರಿ.

ಉತ್ತರ, ಜರ್ಮನಿಯಿಂದ

ಹ್ಯೂಲರ್ ವಿಷಯದಲ್ಲಿ ನನ್ನದೊಂದು ಅನುಭವ ಸೇರಿಸುತ್ತೇನೆ. ನಾನು ತುಮಕೂರಿನವಳು, ಮದುವೆಯಾಗಿ ಇಲ್ಲಿಗೆ ಬಂದೆ. ನಾನೂ ಗಂಡನೂ ಮನೆಯಲ್ಲಿ ಮಾತಾಡುವುದು ಇಂಗ್ಲಿಷಿನಲ್ಲಿ. ಅದು ಇಬ್ಬರ ಭಾಷೆಯೂ ಅಲ್ಲ. ಕಚೇರಿಗಳಿಗೆ ಹೋದರೆ ಜರ್ಮನ್. ನಾನು ಜರ್ಮನ್‌ನಲ್ಲಿ ಮಾತಾಡುವಾಗ ಇರುವುದಕ್ಕಿಂತ ಒರಟಾಗಿ, ಕೆಲವೊಮ್ಮೆ ದಡ್ಡಿಯಾಗಿ ಕಾಣುತ್ತೇನೆ ಎಂಬುದು ನನಗೇ ಗೊತ್ತಾಗುತ್ತಿರುತ್ತದೆ. ಸಾಂಡ್ರಾ ಕೋರ್ಟಿನಲ್ಲಿ ಫ್ರೆಂಚಿನಲ್ಲಿ ಉತ್ತರಿಸುತ್ತ ಉತ್ತರಿಸುತ್ತ ಒಂದು ಕಡೆ ಸಾಕಾಗಿ ಇಂಗ್ಲಿಷಿಗೆ ಬರುತ್ತಾಳಲ್ಲ, ಅಲ್ಲಿ ಹ್ಯೂಲರ್ ಅವರ ಭುಜ ಇಳಿಯುತ್ತದೆ, ಉಸಿರು ಸಲೀಸಾಗುತ್ತದೆ. ಅದೇ ಹೊತ್ತಿಗೆ, ಈಗ ಇವರೆಲ್ಲ ನನ್ನನ್ನು ಹೊರಗಿನವಳು ಅಂದುಕೊಳ್ಳುತ್ತಾರೆ ಎಂಬ ಎಚ್ಚರವೂ ಕಣ್ಣಿಗೆ ಬರುತ್ತದೆ. ಇಂಥ ಸಣ್ಣ ಬದಲಾವಣೆಯನ್ನು ಇಷ್ಟು ನಿಖರವಾಗಿ ತೆರೆಯ ಮೇಲೆ ಬೇರೆಲ್ಲೂ ನೋಡಿಲ್ಲ.

ಡಬ್ ಆದ ಆವೃತ್ತಿ ಸಿಕ್ಕರೆ ದಯವಿಟ್ಟು ಹಾಕಬೇಡಿ ಅಕ್ಕ. ಮೂಲ ಧ್ವನಿ, ಸಬ್‌ಟೈಟಲ್ ಇರಲಿ. ಭಾಷೆ ಬದಲಾಗುವುದು ಕೇಳಿಸದಿದ್ದರೆ ಈ ಪಾತ್ರದ ಅರ್ಧ ಕೆಲಸ ಕಾಣುವುದೇ ಇಲ್ಲ.

ಉತ್ತರ, ಮಂಗಳೂರಿನಿಂದ

ಬೆನಿಂಗ್ ಅವರನ್ನು ಎಲ್ಲರೂ ಕೊನೆಗೆ ಹಾಕುತ್ತಾರೆ. ನಾನು ನಾಲ್ಕನೆಯ ಸ್ಥಾನ ಕೊಡುತ್ತೇನೆ. ನಾನು ಈಜು ಕಲಿಸುವವಳು, ಹಾಗಾಗಿ ಸ್ವಲ್ಪ ಪಕ್ಷಪಾತ ಇರಬಹುದು. ಡಯಾನಾ ನಯಾಡ್ 64ನೇ ವಯಸ್ಸಿನಲ್ಲಿ, 2013ರಲ್ಲಿ, ಕ್ಯೂಬಾದಿಂದ ಫ್ಲಾರಿಡಾಕ್ಕೆ ಸುಮಾರು 177 ಕಿಲೋಮೀಟರ್ ಈಜಿದರು. ಆ ದಾಖಲೆಯ ಬಗ್ಗೆ ಈಜುಗಾರರ ವಲಯದಲ್ಲಿ ತಕರಾರುಗಳಿವೆ, ಸಿನಿಮಾ ಅದನ್ನು ಮುಟ್ಟುವುದಿಲ್ಲ. ಬೆನಿಂಗ್ ಈ ಪಾತ್ರಕ್ಕಾಗಿ ಸುಮಾರು ಒಂದು ವರ್ಷ ಈಜು ಅಭ್ಯಾಸ ಮಾಡಿದರು, ಅದು ಅವರ ತೋಳಿನ ಬೀಸಿನಲ್ಲಿ ಕಾಣುತ್ತದೆ. ದಣಿದ ಈಜುಗಾರರ ಕೈ ನೀರಿನಿಂದ ಮೇಲೆ ಬರುವಾಗ ಮೊಣಕೈ ಬೀಳುತ್ತದೆ ಮಾರಾಯ್ರೆ, ಅದನ್ನು ಸುಮ್ಮನೆ ನಟಿಸಿ ತೋರಿಸಲಿಕ್ಕೆ ಆಗುವುದಿಲ್ಲ.

ನನಗೆ ಅದಕ್ಕಿಂತ ಹೆಚ್ಚು ಇಷ್ಟವಾದದ್ದು ಅವರು ನಯಾಡ್‌ರನ್ನು ಒಳ್ಳೆಯವರನ್ನಾಗಿ ಮಾಡಲು ಹೋಗದೆ ಇದ್ದದ್ದು. ಸಿಕ್ಕ ಸಿಕ್ಕವರಿಗೆ ತನ್ನದೇ ಕಥೆ ಹೇಳುವ, ಗೆಳತಿಯನ್ನು ದುಡಿಸಿಕೊಳ್ಳುವ ಹೆಂಗಸು ಅದು, ಹಾಗೆಯೇ ಮಾಡಿದ್ದಾರೆ. ಆ ಗೆಳತಿ ಬಾನಿಯಾಗಿ ಜೋಡಿ ಫಾಸ್ಟರ್. ಕಷ್ಟ ಏನೆಂದರೆ, ಇಬ್ಬರೂ ಒಟ್ಟಿಗಿರುವಾಗ ನಮ್ಮ ಕಣ್ಣು ಫಾಸ್ಟರ್ ಕಡೆಗೇ ಹೋಗುತ್ತದೆ. ಬೆನಿಂಗ್ ಅವರಿಗೆ ಇದು ಐದನೆಯ ನಾಮನಿರ್ದೇಶನ, ಒಮ್ಮೆಯೂ ಗೆದ್ದಿಲ್ಲ ಎನ್ನುವುದು ನನಗೆ ಬೇಸರದ ವಿಷಯ. ಆದರೆ ಈ ಪಾತ್ರಕ್ಕೆ ಗೆಲ್ಲಬೇಕಿತ್ತು ಎಂದು ಹೇಳಲಾರೆ.

ಉತ್ತರ, ಮೈಸೂರಿನಿಂದ

ಮಲ್ಲಿಗನ್ ಬಗ್ಗೆ ಯಾರೂ ಬರೆದಿಲ್ಲವಲ್ಲ. ಸಂಗೀತಗಾರ ಲೆನರ್ಡ್ ಬರ್ನ್‌ಸ್ಟೈನ್ ಹೆಂಡತಿ, ನಟಿ ಫೆಲಿಸಿಯಾ ಮಾಂಟೆಲೆಗ್ರೆ. ಹಬ್ಬದ ದಿನ ನ್ಯೂಯಾರ್ಕಿನ ಮನೆಯ ಕೋಣೆಯಲ್ಲಿ ಗಂಡ-ಹೆಂಡಿರ ಜಗಳ. ಕ್ಯಾಮೆರಾ ದೂರದಲ್ಲಿ ಅಲ್ಲಾಡದೆ ನಿಂತಿದೆ, ಕಟ್ ಇಲ್ಲ, ಕ್ಲೋಸಪ್ ಇಲ್ಲ. ಮುಖದ ಸಹಾಯ ಇಲ್ಲದೆ ಧ್ವನಿ ಮತ್ತು ನಿಲುವಿನಿಂದಲೇ ಗೆಲ್ಲಬೇಕು. ರಂಗಭೂಮಿಯವರಿಗೆ ಈ ಐದರಲ್ಲಿ ಅತಿ ಹತ್ತಿರದ ದೃಶ್ಯ ಇದೇ ಅಂತ ನನ್ನ ಅನಿಸಿಕೆ. ನಿನ್ನ ಎದೆಯಲ್ಲಿ ದ್ವೇಷ ತುಂಬಿದೆ ಎಂದು ಅಲ್ಲಿ ಹೇಳಿದವಳು, ಮುಂದೆ ಇಂಗ್ಲೆಂಡಿನ ಈಲಿ ಕೆಥೆಡ್ರಲ್ ಚರ್ಚಿನಲ್ಲಿ ಅವನು ಸಂಯೋಜಕ ಮಾಹ್ಲರ್‌ನ ಕೃತಿಗೆ ವಾದ್ಯವೃಂದವನ್ನು ನಡೆಸಿ ಇಳಿದಾಗ ಆ ಮಾತನ್ನು ತಾನೇ ಹಿಂದಕ್ಕೆ ತೆಗೆದುಕೊಳ್ಳುತ್ತಾಳೆ. ಎರಡನ್ನೂ ಒಂದರ ಹಿಂದೆ ಒಂದು ತೋರಿಸಿ. ಸಮಸ್ಯೆ ಎಂದರೆ ಮೊದಲ ಭಾಗದ ಉಚ್ಚಾರಣೆ. ಹಳೆ ಹಾಲಿವುಡ್ ಧಾಟಿ ಬಹಳ ಚೆಂದ ಕಲಿತಿದ್ದಾರೆ, ಕಲಿತದ್ದು ಕೇಳಿಸುತ್ತಲೂ ಇದೆ. ಫೆಲಿಸಿಯಾಗೆ ಕ್ಯಾನ್ಸರ್ ಬರುವ ಭಾಗದಲ್ಲಿ ಮಾತ್ರ ಅದೆಲ್ಲ ಕಳಚಿ ಬೀಳುತ್ತದೆ. ನನ್ನ ಅಮ್ಮನನ್ನು ಅದೇ ಕಾಯಿಲೆಯಲ್ಲಿ ನೋಡಿಕೊಂಡವನು ನಾನು. ನೋಡಲು ಬಂದವರನ್ನು ಅವಳೇ ಸಮಾಧಾನ ಮಾಡಿ ಕಳಿಸುತ್ತಿದ್ದಳು. ಮಲ್ಲಿಗನ್ ಮುಖದಲ್ಲಿ ಆ ದಣಿದ ಉಪಚಾರ ಇದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದ. ಇನ್ನೊಂದು ಅನುಮಾನ. ಗ್ಲ್ಯಾಡ್‌ಸ್ಟೋನ್ ಪಾತ್ರ ನಾಯಕಿಯದೋ, ಪೋಷಕ ಪಾತ್ರವೋ ಎಂಬ ಚರ್ಚೆ ಆಗ ಇತ್ತಂತೆ? ನಮ್ಮ ತಂಡದಲ್ಲೂ ಅದೇ ವಾದ ಶುರುವಾಗಿದೆ. ಮತ್ತೆ, ಆ ಉದ್ದದ ಸಿನಿಮಾವನ್ನು ಒಂದೇ ಸಂಜೆ ಕೂತು ನೋಡೋಕೆ ಆಗುತ್ತಾ?

ಉತ್ತರ, ಬೆಂಗಳೂರಿನಿಂದ

ಹೌದು, ಚರ್ಚೆ ಜೋರಾಗಿತ್ತು. ಪೋಷಕ ನಟಿ ವಿಭಾಗಕ್ಕೆ ಹೋಗಿದ್ದರೆ ಸುಲಭವಾಗಿ ಗೆಲ್ಲುತ್ತಿದ್ದರು ಎಂದು ಹೇಳಿದವರು ಬಹಳ. ಅವರು ನಾಯಕಿ ವಿಭಾಗದಲ್ಲೇ ನಿಂತರು, ಅಮೆರಿಕದ ಮೂಲನಿವಾಸಿಗಳಲ್ಲಿ ಈ ವಿಭಾಗಕ್ಕೆ ನಾಮನಿರ್ದೇಶನಗೊಂಡ ಮೊದಲಿಗರಾದರು. ಅದು ಸರಿಯಾದ ನಿರ್ಧಾರ ಎಂದೇ ನನ್ನ ನಂಬಿಕೆ. ತೆರೆಯ ಮೇಲೆ ಎಷ್ಟು ನಿಮಿಷ ಇದ್ದಾಳೆ ಎಂದು ಗಡಿಯಾರ ಹಿಡಿದು ನಾಯಕಿಯನ್ನು ತೀರ್ಮಾನಿಸಬಾರದು. ಅರ್ನೆಸ್ಟ್ ಮಾಡುವ ಪ್ರತಿ ನೀಚ ಕೆಲಸದಲ್ಲೂ ನಮ್ಮ ಮನಸ್ಸು ಮಾಲಿಯ ಹತ್ತಿರವೇ ಇರುತ್ತದೆ.

ಪ್ರಶಸ್ತಿಗಳು ಹಂಚಿಹೋದ ರೀತಿಯನ್ನೂ ತಂಡಕ್ಕೆ ಹೇಳಿ. ಗೋಲ್ಡನ್ ಗ್ಲೋಬ್‌ನಲ್ಲಿ ಗಂಭೀರ ಚಿತ್ರಕ್ಕೂ ಹಾಸ್ಯ-ಸಂಗೀತ ಚಿತ್ರಕ್ಕೂ ಬೇರೆ ಬೇರೆ ಪ್ರಶಸ್ತಿ, ಹಾಗಾಗಿ ಗ್ಲ್ಯಾಡ್‌ಸ್ಟೋನ್, ಸ್ಟೋನ್ ಇಬ್ಬರೂ ಗೆದ್ದರು. ನಟನಟಿಯರ ಸಂಘದ ಪ್ರಶಸ್ತಿ ಗ್ಲ್ಯಾಡ್‌ಸ್ಟೋನ್‌ಗೆ ಹೋಯಿತು. ಬ್ರಿಟನ್ನಿನ ಬಾಫ್ಟಾ ಸ್ಟೋನ್‌ಗೆ ಹೋಯಿತು, ಅಲ್ಲಿ ಗ್ಲ್ಯಾಡ್‌ಸ್ಟೋನ್ ಹೆಸರು ನಾಮನಿರ್ದೇಶನದ ಪಟ್ಟಿಯಲ್ಲೇ ಇರಲಿಲ್ಲ. ಫ್ರಾನ್ಸಿನ ಸೀಜರ್ ಪ್ರಶಸ್ತಿ ಹ್ಯೂಲರ್‌ಗೆ. ಆಸ್ಕರ್‌ಗೆ ಐವರನ್ನು ಆರಿಸುವುದು ನಟನಟಿಯರ ವಿಭಾಗ, ಗೆಲ್ಲಿಸುವುದು ಅಕಾಡೆಮಿಯ ಎಲ್ಲ ಸದಸ್ಯರು. ಧಾರವಾಡದವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆ ನಡಿಗೆಗಳ ಲೆಕ್ಕ ಓದಿ 'ಪೂರ್ ಥಿಂಗ್ಸ್' ಇನ್ನೊಮ್ಮೆ ನೋಡಬೇಕು ಅನಿಸಿದೆ. ಹೊರಗುಳಿದವರಲ್ಲಿ 'ಪಾಸ್ಟ್ ಲೈವ್ಸ್'ನ ಗ್ರೆಟಾ ಲೀ ಅವರನ್ನು ಮಾತ್ರ ಬಿಡಬೇಡಿ. ನನ್ನ ಮಟ್ಟಿಗೆ ಅವರು ಮಲ್ಲಿಗನ್‌ಗಿಂತ ಮೇಲೆ.

ಉದ್ದದ ಸಿನಿಮಾವನ್ನು ಎರಡು ಸಂಜೆಗೆ ಹಂಚಿ. ಮಾಲಿಯ ತಂಗಿಯ ಮನೆ ಸ್ಫೋಟವಾಗುತ್ತದೆ. ಅರ್ನೆಸ್ಟ್ ಬಂದು ಬಾಯಿ ಬಿಡುವ ಮೊದಲೇ ಅವನ ಮುಖ ನೋಡಿ ಮಾಲಿ ಚೀರುತ್ತಾಳೆ, ಅಲ್ಲಿಗೆ ಮೊದಲ ಸಂಜೆ ನಿಲ್ಲಿಸಿ. ಎರಡನೆಯ ಸಂಜೆ ಶುರು ಮಾಡುವ ಮೊದಲು ಮಳೆಯ ದೃಶ್ಯವನ್ನು ಇನ್ನೊಮ್ಮೆ ಹಾಕಿ, ಆಮೇಲೆ ನಿಮ್ಮ ಇಬ್ಬರು ನಟರನ್ನು ಎದುರುಬದುರು ಕೂರಿಸಿ ಅದನ್ನು ಮಾಡಿಸಿ. ಮಾತು ಜಾಸ್ತಿ ಇರುವವನ ಪಾತ್ರವನ್ನು ಹೊಸಬರಿಗೆ ಕೊಡಿ, ಮಾಲಿಯನ್ನು ತಂಡದ ಅತ್ಯಂತ ಅನುಭವಿ ನಟಿಗೇ ಕೊಡಿ.