ಪದಚರ್ಚೆ: ಪ್ರೋಟೀನಿನ ನೆಲೆ ಹೇಳುವುದು ‘ಮುನ್ಸೂಚನೆ’ಯೇ, ‘ಊಹೆ’ಯೇ?

ಎಲ್ಲರಿಗೂ ನಮಸ್ಕಾರ.

ವಿರಾಜಪೇಟೆ ಕಡೆಯ ಪಿಯು ಕಾಲೇಜೊಂದರಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಪ್ರೋಟೀನು ಜೀವಕೋಶದೊಳಗೆ ಎಲ್ಲಿರುತ್ತದೆಂದು ಕಂಪ್ಯೂಟರಿನಿಂದ ಹೇಳಿಸುವ ವಿದ್ಯೆಯ ಬಗ್ಗೆ ಮಕ್ಕಳಿಗೆ ಟಿಪ್ಪಣಿ ಬರೆಯಲು ಕೂತು, ‘ಪ್ರಿಡಿಕ್ಷನ್’ ಎಂಬ ಪದಕ್ಕೆ ಸಿಕ್ಕಿಬಿದ್ದಿದ್ದೇನೆ. ‘ಲೋಕಲೈಸೇಷನ್’ ಕಾಡಲಿಲ್ಲ. ‘ಸ್ಥಳೀಕರಣ’ವನ್ನು ತಂತ್ರಾಂಶದವರು ಆಗಲೇ ಒಯ್ದಿದ್ದಾರೆ, ನನಗೆ ‘ನೆಲೆ’ ಸಾಕು.

ಮೊದಲ ಕರಡಿನಲ್ಲಿ ‘ನೆಲೆಯ ಮುನ್ಸೂಚನೆ’ ಎಂದಿದ್ದೆ. ಓದಿದ ಹುಡುಗಿ, “ಮಿಸ್, ಈಗ ಅಲ್ಲಿಲ್ವಾ? ನಾಳೆ ಹೋಗುತ್ತಾ?” ಅಂದಳು. ಅವಳದು ತಪ್ಪಲ್ಲ. ಜುಲೈ ತಿಂಗಳ ಕೊಡಗಿನಲ್ಲಿ ಮುನ್ಸೂಚನೆ ಎಂದರೆ ಮಳೆ, ರೆಡ್ ಅಲರ್ಟ್, ಶಾಲೆಗೆ ರಜೆ. ಪ್ರೋಟೀನಾದರೋ ಆಗಲೇ ತನ್ನ ಜಾಗದಲ್ಲಿದೆ, ನಾವು ನೋಡಿಲ್ಲ ಅಷ್ಟೇ. ಅದರ ಅಮೈನೋ ಆಮ್ಲಗಳ ಸಾಲು ಓದಿ ಜಾಗ ಹೇಳುತ್ತೇವೆ.

ಅದು ಹೇಗೆಂದು ತಿಳಿಸಲು ಮನೆಪೆದವನ್ನು, ಅಂದರೆ ಕೊಡವರ ಮನೆತನದ ಹೆಸರನ್ನು, ಹಿಡಿದುಕೊಂಡೆ. ‘ಕೊಡಂದೇರ ಮಾದಪ್ಪ ಕಾರ್ಯಪ್ಪ’ ಎಂಬಲ್ಲಿ ಮೊದಲ ಪದವೇ ಒಕ್ಕ (ಮನೆತನ) ಯಾವುದೆಂದು ಹೇಳಿಬಿಡುತ್ತದೆ. ನಮ್ಮ ಅಂಚೆಯಣ್ಣ ಕವರಿನ ಮೇಲೆ ಅಷ್ಟನ್ನು ನೋಡಿ ಆ ಒಕ್ಕದ ಕಾಗದಗಳ ಕಟ್ಟಿಗೆ ಸೇರಿಸುತ್ತಾನೆ, ಪಿನ್‌ಕೋಡಿನವರೆಗೆ ಕಣ್ಣೇ ಹೋಗುವುದಿಲ್ಲ. ಕೋಶದಿಂದ ಹೊರಹೋಗಬೇಕಾದ ಬಹಳಷ್ಟು ಪ್ರೋಟೀನುಗಳ ತಲೆಯಲ್ಲೂ ಸುಮಾರು 15ರಿಂದ 30 ಅಮೈನೋ ಆಮ್ಲಗಳ ಇಂಥ ಗುರುತಿರುತ್ತದೆ. ಜೀವವಿಜ್ಞಾನಿ ಗುಂಟರ್ ಬ್ಲೋಬೆಲ್ ಅವರಿಗೆ 1999ರ ನೊಬೆಲ್ ಬಂದದ್ದು ಈ ಬಗೆಯ ಗುರುತುಗಳನ್ನು ಕಂಡುಹಿಡಿದದ್ದಕ್ಕೆ. (ಹೋಲಿಕೆ ಪೂರ್ತಿ ಕೂಡುವುದಿಲ್ಲ: ಕೋಶ ಆ ತುಂಡನ್ನು ದಾರಿಯಲ್ಲೇ ಕತ್ತರಿಸಿ ಹಾಕುತ್ತದೆ. ಮನೆಪೆದ ಬಿಡಿ ಎಂದು ಇಲ್ಲಿ ಯಾರಿಗಾದರೂ ಹೇಳಿ ನೋಡಿ!) ಪೆರಾಕ್ಸಿಸೋಮಿಗೆ (ಕೋಶದೊಳಗಿನ ಒಂದು ಪುಟ್ಟ ಚೀಲ) ಹೋಗುವ ಹಲವಕ್ಕೆ ಗುರುತು ಬಾಲದಲ್ಲಿ: ಸೆರೀನ್, ಲೈಸೀನ್, ಲ್ಯೂಸೀನ್ ಎಂಬ ಮೂರು ಅಮೈನೋ ಆಮ್ಲಗಳು. 2017ರ ಡೀಪ್‌ಲಾಕ್ ಎಂಬ ತಂತ್ರಾಂಶ ಇಡೀ ಸಾಲನ್ನೇ ಓದಿ ಹತ್ತು ನೆಲೆಗಳಲ್ಲಿ ಒಂದನ್ನು ಆರಿಸುತ್ತದೆ.

ಹಾಗಾದರೆ ಇದು ಹೊಗೆ ಕಂಡು ಬೆಂಕಿಯಿದೆ ಎನ್ನುವ ಕೆಲಸ, ನ್ಯಾಯಶಾಸ್ತ್ರದ (ನಮ್ಮ ಹಳೆಯ ತರ್ಕಶಾಸ್ತ್ರದ) ‘ಅನುಮಾನ’. ಅರ್ಥಕ್ಕೆ ಇದಕ್ಕಿಂತ ಒಪ್ಪುವ ಪದವಿಲ್ಲ. ಆದರೆ “ಈ ಪ್ರೋಟೀನು ಮೈಟೋಕಾಂಡ್ರಿಯದಲ್ಲಿದೆ ಎಂದು ಅನುಮಾನ” ಎಂದು ಬರೆದು ನೋಡಿದೆ, ಪೊಲೀಸ್ ಠಾಣೆಯ ವಾಸನೆ ಹೊಡೆಯಿತು. ‘ಅಂದಾಜು’ ಕಾಫಿ ಫಸಲಿಗೆ, ಮೂಟೆ ಲೆಕ್ಕಕ್ಕೆ ಸರಿ. ಅದು ‘ಎಷ್ಟು’ ಎಂಬುದಕ್ಕೆ ಉತ್ತರ, ‘ಎಲ್ಲಿ’ ಎಂಬುದಕ್ಕಲ್ಲ. ‘ಪತ್ತೆ’ ಎಂದರೆ ಸೂಕ್ಷ್ಮದರ್ಶಕದಲ್ಲಿ ಕಂಡೇಬಿಟ್ಟಂತೆ. ಉಳಿದದ್ದು ‘ಊಹೆ’. ಅದು ಬರೀ ಗಾಳಿಮಾತಿನ ಹಾಗೆ ಕೇಳುತ್ತದೆ ಎಂದು ಕನ್ನಡ ವಿಭಾಗದ ಸಹೋದ್ಯೋಗಿಯ ತಕರಾರು. ನಾನು ಒಪ್ಪಿಲ್ಲ, ಸದ್ಯಕ್ಕೆ ‘ನೆಲೆಯೂಹೆ’ ಎಂದು ಬರೆದಿಟ್ಟಿದ್ದೇನೆ.

ನಿಮ್ಮ ಕಡೆ ‘ಅನುಮಾನ’ ಸಂಶಯದ ನೆರಳಿಲ್ಲದೆ ಮಾತಿನಲ್ಲಿ ಇನ್ನೂ ಓಡಾಡುತ್ತಿದೆಯೇ? ಇದ್ದರೆ ವಾಕ್ಯ ಸಮೇತ ಬರೆಯಿರಿ, ‘ಊಹೆ’ ಅಳಿಸುತ್ತೇನೆ.