ಐಸಿಯುನಲ್ಲಿ ಸ್ಟೀರಾಯ್ಡ್, ಈಗ ಶ್ವಾಸಕೋಶದಲ್ಲಿ ಹೊಸ ಸೋಂಕು: ಅನುಭವ ಇದ್ದವರು ಹೇಳಿ

ಪ್ರಶ್ನೆ, ತುಮಕೂರಿನಿಂದ:
ನಮ್ಮ ಮಾವನವರಿಗೆ ಎಚ್‌1ಎನ್‌1 ಫ್ಲೂ ಬಂದು ವೆಂಟಿಲೇಟರ್ ಮೇಲಿದ್ದಾರೆ. ಶುಗರ್ ಇದೆ, ಹಳೇ ಆಸ್ತಮಾನೂ ಇದೆ. ಸ್ಟೀರಾಯ್ಡ್ ಕೊಡುತ್ತಿದ್ದಾರೆ. ನಿನ್ನೆ ಡಾಕ್ಟರು ಶ್ವಾಸಕೋಶದಲ್ಲಿ ಬೇರೆ ಇನ್‌ಫೆಕ್ಷನ್ ಶುರುವಾಗಿದೆ ಅಂದರು. ನೆಂಟರೆಲ್ಲ ಸ್ಟೀರಾಯ್ಡ್‌ನಿಂದಲೇ ಹೀಗಾಯಿತು, ನಿಲ್ಲಿಸಿ ಅಂತ ಹೇಳಿ ಅನ್ನುತ್ತಿದ್ದಾರೆ. ಏನು ಕೇಳಬೇಕು, ಏನು ಕೇಳಬಾರದು?

ಕೋಲಾರದಿಂದ:
ದಯವಿಟ್ಟು ನೀವಾಗಿ ನಿಲ್ಲಿಸಿ ಅಂತ ಹಟ ಹಿಡಿಯಬೇಡಿ. 2021ರಲ್ಲಿ ನಮ್ಮ ಅಣ್ಣನಿಗೆ ಕೋವಿಡ್‌ನಲ್ಲಿ ಹೀಗೇ ಆಗಿತ್ತು. ಆಗ ನಮಗೆ ದಾರಿ ತಪ್ಪಿಸಿದ್ದು ಜ್ವರ. ಜ್ವರವೇ ಇರಲಿಲ್ಲ! ಸ್ಟೀರಾಯ್ಡ್ ಜ್ವರವನ್ನು ಅದುಮಿಡುತ್ತದೆ, ಬಿಳಿ ರಕ್ತಕಣವನ್ನು ಅದೇ ಏರಿಸುತ್ತದೆ, ಹಾಗಾಗಿ ಅವೆರಡನ್ನೇ ನೋಡಿ ಸೋಂಕು ಇದೆ, ಇಲ್ಲ ಅಂತ ಹೇಳುವುದು ಕಷ್ಟ. ಅಣ್ಣನಿಗೆ ಆಕ್ಸಿಜನ್ ಮತ್ತೆ ಜಾಸ್ತಿ ಬೇಕಾಗತೊಡಗಿತು, ಟ್ಯೂಬ್‌ನಿಂದ ಎಳೆಯುವ ಕಫ ಗಟ್ಟಿಯಾಗಿ ಹಳದಿಯಾಯಿತು, ಅದರಿಂದ ಗೊತ್ತಾಗಿದ್ದು. ಕಫದ ಕಲ್ಚರ್‌ನಲ್ಲಿ (ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಟೆಸ್ಟ್) ಕ್ಲೆಬ್ಸಿಯೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಬಂತು, ರಿಪೋರ್ಟ್ ನೋಡಿ ಆಂಟಿಬಯೋಟಿಕ್ ಬದಲಾಯಿಸಿದರು. ಕಲ್ಚರ್ ಕಳಿಸಿದ್ದೀರಾ, ಯಾವ ಔಷಧಿಗೆ ಬಗ್ಗುತ್ತದೆ, ಇದನ್ನು ಮೊದಲು ಕೇಳಿ.

ಚಿಕ್ಕಬಳ್ಳಾಪುರ, ಐಸಿಯು ಸ್ಟಾಫ್ ನರ್ಸ್:
ಎಲ್ಲ ತಪ್ಪನ್ನೂ ಸ್ಟೀರಾಯ್ಡ್ ತಲೆಗೆ ಕಟ್ಟಬೇಡಿ ಅಕ್ಕಾ. ಫ್ಲೂ ವೈರಸ್ ಶ್ವಾಸನಾಳದ ಒಳಪದರವನ್ನೇ ಕೆಡಿಸಿರುತ್ತದೆ, ಅಲ್ಲಿ ಬ್ಯಾಕ್ಟೀರಿಯಾ ಸುಲಭವಾಗಿ ಕೂರುತ್ತದೆ. ಮೇಲೆ ಗಂಟಲಲ್ಲಿ ಟ್ಯೂಬ್. ಬಾಯಿಯ ಎಂಜಲು ಟ್ಯೂಬಿನ ಪಕ್ಕದಿಂದ ಕೆಳಗೆ ಜಾರುತ್ತದೆ, ಕೆಮ್ಮಿ ಹೊರಹಾಕಲು ಅವರಿಗೆ ಆಗುವುದಿಲ್ಲ. ಅದಕ್ಕೇ ನಾವು ತಲೆಯ ಕಡೆ ಮಂಚವನ್ನು 30ರಿಂದ 45 ಡಿಗ್ರಿ ಎತ್ತಿಡುತ್ತೇವೆ, ಬಾಯಿ ಸ್ವಚ್ಛ ಮಾಡುತ್ತೇವೆ. ಸ್ಟೀರಾಯ್ಡ್ ರೋಗನಿರೋಧಕ ಶಕ್ತಿ ತಗ್ಗಿಸುತ್ತದೆ, ಶುಗರ್ ಏರಿಸುತ್ತದೆ, ಅದು ನಿಜ. ದಿನಾ ಶುಗರ್ ಎಷ್ಟಿದೆ, ಇನ್ಸುಲಿನ್ ಹೇಗೆ ಹೋಗುತ್ತಿದೆ ಅಂತ ಕೇಳಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ನೋಡಲು ಹೋಗುವವರು ಕೈ ತೊಳೆದು ಹೋಗಿ. ಒಬ್ಬರು ಸಾಕು, ಮನೆಮಂದಿಯೆಲ್ಲ ಸಾಲುಗಟ್ಟಬೇಡಿ.

ಕೋಲಾರ, ಮೆಡಿಸಿನ್ ಓದುತ್ತಿರುವವನು:
ಕೋವಿಡ್‌ನ ಲೆಕ್ಕವನ್ನು ಫ್ಲೂಗೆ ಹಚ್ಚಬಾರದು. 2020ರಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗದಲ್ಲಿ ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಸೋನ್ ಅನ್ನುವ ಸ್ಟೀರಾಯ್ಡನ್ನು ಕೋವಿಡ್ ರೋಗಿಗಳಿಗೆ ಹೆಚ್ಚೆಂದರೆ 10 ದಿನ ಕೊಟ್ಟರು. ವೆಂಟಿಲೇಟರ್ ಮೇಲಿದ್ದವರಲ್ಲಿ ಸಾವು ಸುಮಾರು ಮೂರನೇ ಒಂದು ಭಾಗ ಕಡಿಮೆಯಾಯಿತು. ಆಕ್ಸಿಜನ್ ಬೇಡದವರಿಗೆ ಉಪಯೋಗ ಕಾಣಲಿಲ್ಲ. ಫ್ಲೂನಲ್ಲಿ ಅಂಥ ಲಾಭ ಸಾಬೀತಾಗಿಲ್ಲ, ಸ್ಟೀರಾಯ್ಡ್ ಪಡೆದವರಲ್ಲಿ ಆಸ್ಪತ್ರೆ ಸೋಂಕು, ಸಾವು ಎರಡೂ ಜಾಸ್ತಿ ಕಂಡ ಅಧ್ಯಯನಗಳಿವೆ. ಆದರೆ ಜಾಸ್ತಿ ಹುಷಾರಿಲ್ಲದವರಿಗೇ ಸ್ಟೀರಾಯ್ಡ್ ಕೊಟ್ಟಿರುತ್ತಾರೆ, ಆ ಸಾವಿಗೆ ಔಷಧಿಯೇ ಕಾರಣ ಅನ್ನಲು ಬರುವುದಿಲ್ಲ. ಆಸ್ತಮಾ ಕೆರಳಿದ್ದರೆ, ಔಷಧಿ ಕೊಟ್ಟರೂ ಬಿಪಿ ಏಳದಿದ್ದರೆ ಫ್ಲೂನಲ್ಲೂ ಕೊಡಬೇಕಾಗುತ್ತದೆ. ಹಾಗಾಗಿ "ಯಾವ ಕಾರಣಕ್ಕೆ ಕೊಡುತ್ತಿದ್ದೀರಿ, ಎಷ್ಟು ದಿನ?" ಅಂತ ಕೇಳಿ. ಬಹಳ ದಿನ ಕೊಟ್ಟಿದ್ದರೆ ಒಮ್ಮೆಲೇ ನಿಲ್ಲಿಸಬಾರದು, ಇಳಿಸುತ್ತಾ ಬರಬೇಕು.

ಇನ್ನೊಂದು, ಫಂಗಸ್. ಗಂಭೀರ ಫ್ಲೂನಲ್ಲಿ ಆಸ್ಪರ್ಜಿಲಸ್ ಅನ್ನುವ ಫಂಗಸ್ ಶ್ವಾಸಕೋಶಕ್ಕೆ ಇಳಿಯುವುದುಂಟು, ಸ್ಟೀರಾಯ್ಡ್ ಇದ್ದರೆ ಅಪಾಯ ಹೆಚ್ಚು. ಆಂಟಿಬಯೋಟಿಕ್ ಅದಕ್ಕೆ ನಾಟುವುದಿಲ್ಲ. ಬ್ರಾಂಕೋಸ್ಕೋಪಿ ಮಾಡಿ (ಶ್ವಾಸನಾಳಕ್ಕೆ ಕ್ಯಾಮೆರಾ ಕೊಳವೆ ಇಳಿಸಿ) ಶ್ವಾಸಕೋಶದಿಂದ ತೆಗೆದ ನೀರಿನಲ್ಲಿ, ಈ ಫಂಗಸ್ ಪತ್ತೆಗೆ ಗ್ಯಾಲಕ್ಟೋಮ್ಯಾನನ್ ಟೆಸ್ಟ್ ಮಾಡುತ್ತಾರೆ. ಆಂಟಿಬಯೋಟಿಕ್ ಬದಲಿಸಿದರೂ ಸುಧಾರಿಸದಿದ್ದರೆ ಇದನ್ನು ನೆನಪಿಸಿ.

ಶಿರಾದಿಂದ:
2021ರ ಬ್ಲ್ಯಾಕ್ ಫಂಗಸ್ ನೋಡಿದವರು ನಾವು, ನಮ್ಮ ಚಿಕ್ಕಮ್ಮನಿಗೆ. ಶುಗರ್ ಇದ್ದವರಿಗೆ ಸ್ಟೀರಾಯ್ಡ್ ಹೋಗುತ್ತಿದ್ದರೆ ಮುಖ ಊದಿದೆಯಾ, ಮೂಗಿನಲ್ಲಿ ಕಪ್ಪು ಹಕ್ಕಳೆ ಇದೆಯಾ ಅಂತಲೂ ನೋಡಲು ಹೇಳಿ. ಮಾತಾಡಲಾಗದ ರೋಗಿ, ನೋವಿದೆ ಅಂತ ಹೇಗೆ ಹೇಳಬೇಕು?

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಆಸ್ತಮಾ ಕೆರಳಿದ್ದಕ್ಕೇ ಕೊಟ್ಟಿದ್ದಂತೆ, ಈಗ ಇಳಿಸುತ್ತಿದ್ದಾರೆ. ಕಫದ ಕಲ್ಚರ್ ಹೋಗಿದೆ, ರಿಪೋರ್ಟ್ ಬಂದಿಲ್ಲ. ಗ್ಯಾಲಕ್ಟೋಮ್ಯಾನನ್ ಸ್ಯಾಂಪಲ್ ಬೆಂಗಳೂರಿಗೆ ಕಳಿಸಬೇಕಾಗಬಹುದು ಅಂದರು. ಯಾರಾದರೂ ಇಲ್ಲಿಂದ ಕಳಿಸಿದ್ದರೆ ಎಷ್ಟು ದಿನ ಹಿಡಿಯಿತು ಹೇಳಿ.