ಕೆನ್ನೆ ಮೇಲೆ ಬಂಗು, ತಲೆ ಮೇಲೆ ರಾಯಚೂರಿನ ಬಿಸಿಲು: ನೀವೇನು ಮಾಡಿದಿರಿ?

ಪ್ರಶ್ನೆ, ರಾಯಚೂರಿನಿಂದ:

ನನಗೆ 34 ವರ್ಷ, ಶಾಲೆಯಲ್ಲಿ ಟೀಚರ್. ಎರಡನೇ ಹೆರಿಗೆ ಆದಮೇಲೆ ಎರಡೂ ಕೆನ್ನೆ ಮತ್ತು ಮೂಗಿನ ಮೇಲೆ ಕಂದು ಕಲೆ ಬಂದಿದೆ. ಮಗುವಿಗೆ ಒಂದೂವರೆ ವರ್ಷ ಆಯಿತು, ಇನ್ನೂ ಹಾಲು ಕುಡಿಯುತ್ತದೆ. ಕಲೆ ಮಾತ್ರ ಕೂತಲ್ಲೇ ಕೂತಿದೆ. ದಿನಾ ಸ್ಕೂಟಿ ಮೇಲೆ ಹೋಗಿಬರುತ್ತೇನೆ. ಅತ್ತೆ ನಿಂಬೆರಸ ಹಚ್ಚು ಅನ್ನುತ್ತಾರೆ. ಪಕ್ಕದ ಮನೆಯವರು ಒಂದು ಟ್ಯೂಬ್ ಹೇಳಿದ್ದಾರೆ, ಎಂಟು ದಿನಕ್ಕೆ ಬೆಳ್ಳಗಾಗುತ್ತದಂತೆ. ಅನುಭವ ಇದ್ದವರು ಹೇಳಿ. ಕ್ರೀಮ್ ಮಾರುವವರು ದಯವಿಟ್ಟು ಬೇಡ.

ಸಿಂಧನೂರಿನಿಂದ:

ಆ ಟ್ಯೂಬ್ ಮುಟ್ಟಬೇಡಿ. ಉಳಿದದ್ದು ಆಮೇಲೆ.

ನನಗೂ ಬಂಗು ಇತ್ತು. ತಂಗಿ ಮದುವೆ ಹತ್ತಿರ ಬಂದಿತ್ತು. ಮೆಡಿಕಲ್ ಶಾಪ್‌ಗೆ ಹೋಗಿ "ಮುಖಕ್ಕೆ ಏನಾದ್ರೂ ಕೊಡ್ರಿ" ಅಂದೆ. ಚೀಟಿ ಕೇಳಲಿಲ್ಲ, ಏನೂ ಕೇಳಲಿಲ್ಲ, ಒಂದು ಟ್ಯೂಬ್ ಕೈಗಿಟ್ಟರು. ಹತ್ತು ದಿನಕ್ಕೆ ಮುಖ ಸುಲಿದ ಬಾದಾಮಿ ತರಹ ಆಯಿತು. ಮದುವೆಯಲ್ಲಿ ಎಲ್ಲರದೂ ಒಂದೇ ಮಾತು, "ಏನ್ ಹಚ್ಚೀಯವ್ವಾ?" ನಾನೂ ಹೆಮ್ಮೆಯಿಂದ ನಾಲ್ಕು ಜನಕ್ಕೆ ಹೆಸರು ಹೇಳಿದೆ. ಅದು ನೆನಪಾದರೆ ಈಗಲೂ ಕಸಿವಿಸಿ ಆಗುತ್ತದೆ.

ಐದು ತಿಂಗಳು ಹಚ್ಚಿದೆ. ಒಂದು ವಾರ ಬಿಟ್ಟು ನೋಡಿದೆ, ಮುಖ ಕೆಂಪಗೆ ಬೆಂದಂತೆ ಆಯಿತು. ರೊಟ್ಟಿ ಬಡಿಯಲು ಒಲೆ ಮುಂದೆ ನಿಂತರೆ ಕೆನ್ನೆಗೆ ಹಸಿಖಾರ ಹಚ್ಚಿದಷ್ಟು ಉರಿ. ಸಣ್ಣ ಗುಳ್ಳೆ, ಮೇಲ್ತುಟಿ ಮೇಲೆ ಕೂದಲು, ಮೂಗಿನ ಪಕ್ಕ ಕೆಂಪು ದಾರದಂಥ ನರಗಳು. ಬಂಗು ಮೊದಲಿಗಿಂತ ಜಾಸ್ತಿ. ಮತ್ತೆ ಹಚ್ಚಿದರೆ ಎರಡು ದಿನಕ್ಕೆ ಎಲ್ಲ ತಣ್ಣಗೆ. ಹಾಗಾಗಿ ಬಿಡಲೂ ಆಗದು, ಹಚ್ಚಲೂ ಆಗದು.

ಚರ್ಮದ ಡಾಕ್ಟರು ಟ್ಯೂಬ್ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿಸಿದರು: ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್. ಮೂರನೆಯದು ಸ್ಟೀರಾಯ್ಡ್. ಈ ಮೂರರ ಮಿಶ್ರಣ ಬಂಗಿಗೆ ಇರುವ ಔಷಧವೇ, ಆದರೆ ಡಾಕ್ಟರ ಕಣ್ಣಳತೆಯಲ್ಲಿ ಕೆಲವೇ ವಾರ ಮಾತ್ರ. ಬಸುರಿಯರು ಟ್ರೆಟಿನಾಯಿನ್ ಹಚ್ಚುವಂತಿಲ್ಲ. 2018ರಲ್ಲೇ ಸರ್ಕಾರ ಇಂಥ ಸ್ಟೀರಾಯ್ಡ್ ಕ್ರೀಮ್‌ಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂತ ಬಿಗಿ ಮಾಡಿತು. ಅಂಗಡಿಯಲ್ಲಿ ನಡೆಯುವುದು ಬೇರೆ, ಬಿಡಿ. ನನ್ನ ಮುಖ ದಾರಿಗೆ ಬರಲು ಎಂಟು ತಿಂಗಳು ಹಿಡಿಯಿತು. ಈಗಾಗಲೇ ಹಚ್ಚುತ್ತಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಒಮ್ಮೆಲೇ ಬಿಡಬೇಡಿ. ಡಾಕ್ಟರಿಗೆ ತೋರಿಸಿ, ಅವರು ಹೇಳಿದಂತೆ ಬಿಡಿ.

ಮಾನ್ವಿಯಿಂದ:

ನಿಂಬೆಹಣ್ಣಿನ ಬಗ್ಗೆ ನನ್ನದೊಂದು. ಮೊಹರಂಗೆ ಮುದಗಲ್‌ನಲ್ಲಿರುವ ತವರಿಗೆ ಹೋಗಿದ್ದೆ. ಶರಬತ್ತಿಗೆ ಅಂಗಳದಲ್ಲಿ ಕೂತು ಎರಡು ಬುಟ್ಟಿ ನಿಂಬೆ ಹಿಂಡಿದೆವು, ನೆತ್ತಿ ಮೇಲೆ ಬಿಸಿಲು. ರಸ ಮಣಿಕಟ್ಟಿನಿಂದ ಮೊಣಕೈ ತನಕ ಇಳಿಯುತ್ತಿತ್ತು, ಸೆರಗಿಗೆ ಒರೆಸಿ ಸುಮ್ಮನಾದೆ. ಎರಡು ದಿನಕ್ಕೆ ಕೈ ಉರಿಯಿತು. ಆಮೇಲೆ ರಸ ಹರಿದ ದಾರಿಯಲ್ಲೇ ಕಪ್ಪು ಗೆರೆ ಮೂಡಿತು, ಯಾರೋ ಪೆನ್ನಿನಲ್ಲಿ ಎಳೆದ ಹಾಗೆ. ಮೂರು ತಿಂಗಳು ಇತ್ತು. ನಿಂಬೆಯಲ್ಲಿರುವ ಒಂದು ಅಂಶ ಬಿಸಿಲು ತಾಗಿದರೆ ಚರ್ಮವನ್ನು ಸುಡುತ್ತದಂತೆ. ಮುಖಕ್ಕೆ ಹಚ್ಚಿ ಸ್ಕೂಟಿ ಹತ್ತಿದರೆ ಏನಾದೀತು, ನೀವೇ ಯೋಚಿಸಿ. ಅತ್ತೆಗೆ ಶರಬತ್ತು ಮಾಡಿ ಕೊಡಿ, ಅಷ್ಟೇ.

ಕೊಪ್ಪಳದಿಂದ:

ನನ್ನದು ಮುಕ್ಕಾಲು ಪಾಲು ಹೋಗಿದೆ. ಪೂರ್ತಿ ಹೋಗುತ್ತದೆ ಅಂದವರನ್ನು ನಾನು ನಂಬುವುದಿಲ್ಲ.

ನಮ್ಮ ಕಡೆ ಎರಡೇ ಕಾಲ ಅಲ್ವಾ, ಬೇಸಿಗೆ ಮತ್ತು ಕಡು ಬೇಸಿಗೆ. ಹಾಗಾಗಿ ಸನ್‌ಸ್ಕ್ರೀನ್ ಇಲ್ಲದೆ ಬೇರೆ ಏನು ಹಚ್ಚಿದರೂ ತೂತು ಕೊಡಕ್ಕೆ ನೀರು ಸುರಿದಂತೆ. ನಾನೂ ಮೊದಲು ಕಡಲೆಕಾಳಿನಷ್ಟು ಹಚ್ಚಿ, ಇದು ಕೆಲಸ ಮಾಡಲ್ಲ ಅಂತ ಬಿಟ್ಟಿದ್ದೆ. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಎಳೆದಷ್ಟು ಬೇಕು, ಮುಖ ಮತ್ತು ಕುತ್ತಿಗೆಗೆ. ಎಸ್‌ಪಿಎಫ್, ಅಂದರೆ ಬಿಸಿಲು ತಡೆಯುವ ಅಳತೆ, 30 ಅಥವಾ ಅದಕ್ಕಿಂತ ಮೇಲಿನದು. ಹೊರಗಿದ್ದರೆ ಎರಡು ಮೂರು ಗಂಟೆಗೊಮ್ಮೆ ಮತ್ತೆ.

ಇನ್ನೊಂದು ವಿಷಯ ನನಗೆ ತಡವಾಗಿ ಗೊತ್ತಾಯಿತು. ಬಂಗು ಕಪ್ಪಾಗುವುದು ಅತಿನೇರಳೆ ಕಿರಣದಿಂದ ಮಾತ್ರ ಅಲ್ಲ, ಕಣ್ಣಿಗೆ ಕಾಣುವ ಬೆಳಕಿನಿಂದಲೂ. ಸಾದಾ ಸನ್‌ಸ್ಕ್ರೀನ್ ಅದನ್ನು ಅಷ್ಟಾಗಿ ತಡೆಯುವುದಿಲ್ಲ. ಐರನ್ ಆಕ್ಸೈಡ್ ಇರುವ, ಚರ್ಮದ ಬಣ್ಣದ ಟಿಂಟೆಡ್ ಸನ್‌ಸ್ಕ್ರೀನ್ ತಡೆಯುತ್ತದೆ. ಅದಕ್ಕೆ ಬದಲಾಯಿಸಿದ ಮೇಲೆಯೇ ನನಗೆ ವ್ಯತ್ಯಾಸ ಕಂಡದ್ದು. ಬೆವರಿಗೆ ಕರಗಿ ಕಣ್ಣಿಗೆ ಇಳಿಯುತ್ತದೆ, ಕಾಲರ್ ಕಂದಾಗುತ್ತದೆ, ಅದೆಲ್ಲ ಇದ್ದದ್ದೇ. ಜೊತೆಗೆ ಮುಖಕ್ಕೆ ಓಢಣಿ, ಅದರ ಮೇಲೆ ಹೆಲ್ಮೆಟ್.

ರಾತ್ರಿ ಅಜಿಲೇಯಿಕ್ ಆಸಿಡ್ ಕ್ರೀಮ್ ಹಚ್ಚಿದೆ, ಡಾಕ್ಟರು ಬರೆದದ್ದು. ಬಸುರಿಯರಿಗೆ, ಹಾಲುಣಿಸುವವರಿಗೆ ಸಾಮಾನ್ಯವಾಗಿ ಅದನ್ನೇ ಕೊಡುತ್ತಾರೆ, ಹಾಗಾಗಿ ನೀವೂ ಕೇಳಿ ನೋಡಿ. ಮೊದಮೊದಲು ಚುರುಚುರು ಅನ್ನುತ್ತದೆ. ಮೂರು ತಿಂಗಳು ಏನೂ ಕಾಣಲಿಲ್ಲ, ನಾಲ್ಕನೇ ತಿಂಗಳು ಅಂಚು ತಿಳಿಯಾಯಿತು. ಕನ್ನಡಿ ನಂಬಬೇಡಿ, ತಿಂಗಳಿಗೊಂದು ಫೋಟೋ ಒಂದೇ ಕಿಟಕಿ ಪಕ್ಕ ನಿಂತು ತೆಗೆದುಕೊಳ್ಳಿ. ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆಯೂ ಇದೆ, ಆದರೆ ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ ಆಗದು, ಸ್ವಂತ ಬುದ್ಧಿಯಿಂದ ನುಂಗುವುದಲ್ಲ. ಲೇಸರ್‌ಗೆ ಅವಸರ ಬೇಡ, ನಮ್ಮಂಥ ಬಣ್ಣದ ಚರ್ಮ ಅದರಿಂದ ಇನ್ನೂ ಕಪ್ಪಾಗಬಹುದು.

ಈ ವರ್ಷ ಗವಿಮಠದ ಜಾತ್ರೆಗೆ ಹೋದಾಗ ಜನವರಿ ಬಿಸಿಲು ಏನು ಮಾಡೀತು ಅಂತ ಏನೂ ಹಚ್ಚದೆ ದಿನವಿಡೀ ಸುತ್ತಿದೆ. ಎರಡು ವಾರಕ್ಕೆ ಎಡಗೆನ್ನೆ ಮತ್ತೆ ಕಪ್ಪು.

ಬಳ್ಳಾರಿಯಿಂದ:

ಗಂಡಸರು ಮಾತಾಡಬಹುದು ತಾನೆ? ನನಗೆ ಕಪ್ಪಾಗಿದ್ದು ಕುತ್ತಿಗೆ ಹಿಂಭಾಗ. ಮುಟ್ಟಿದರೆ ಮಖಮಲ್ಲಿನ ಹಾಗೆ ದಪ್ಪ. ಹೆಂಡತಿ ಕೊಳೆ ಅಂದುಕೊಂಡು ವರ್ಷಗಟ್ಟಲೆ ಕಲ್ಲಿನಲ್ಲಿ ಉಜ್ಜಿದಳು. ಅದು ಕೊಳೆಯಲ್ಲ, ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವ ಸೂಚನೆ. ಶುಗರ್ ನೋಡಿಸಿದೆ, ಇತ್ತು. ಒಂಬತ್ತು ಕೆಜಿ ಇಳಿದ ಮೇಲೆ ಕುತ್ತಿಗೆಯೂ ತಿಳಿಯಾಯಿತು.

ಲಿಂಗಸುಗೂರಿನಿಂದ:

ಆರೋಗ್ಯ ಇಲಾಖೆಯಲ್ಲಿ ಮನೆ ಮನೆ ಸುತ್ತುವ ಕೆಲಸ ನನ್ನದು. ಕಪ್ಪು ಕಲೆ ಎಲ್ಲ ಬಂಗು ಅಲ್ಲ. ಮೊಡವೆ ಒಡೆದಲ್ಲಿ, ಸೊಳ್ಳೆ ಕಡಿದು ಕೆರೆದಲ್ಲಿ ಉಳಿಯುವ ಕಲೆ ಬೇರೆ. ಕೆರೆಯುವುದು ಬಿಟ್ಟರೆ ಅದು ತಿಂಗಳುಗಳಲ್ಲಿ ತಾನೇ ಮಾಸುತ್ತದೆ. ಹಣೆಯಲ್ಲಿ ಕುಂಕುಮ ಇಡುವ ಜಾಗದಲ್ಲಷ್ಟೇ ಕಪ್ಪಾಗಿ ತುರಿಸಿದರೆ ಕುಂಕುಮದ ಬಣ್ಣವೇ ಕಾರಣ ಇರಬಹುದು, ಬದಲಾಯಿಸಿ. ಮಚ್ಚೆ ದೊಡ್ಡದಾದರೆ, ಬಣ್ಣ ಬದಲಾದರೆ, ರಕ್ತ ಬಂದರೆ ತಡ ಮಾಡಬೇಡಿ. ಕಲೆ ಇರುವ ಜಾಗ ಮುಟ್ಟಿದರೆ ಸ್ಪರ್ಶ ಗೊತ್ತಾಗದಿದ್ದರೆ ಕುಷ್ಠ ಇರಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಉಚಿತ, ಪೂರ್ತಿ ವಾಸಿಯಾಗುತ್ತದೆ.

ನಮ್ಮ ಹಟ್ಟಿ ಸೀಮೆ, ಪಕ್ಕದ ಸುರಪುರದ ಕಡೆ ಇನ್ನೊಂದು ಮಾತಿದೆ. ಕೆಲವು ಕೊಳವೆಬಾವಿ ನೀರಿನಲ್ಲಿ ಆರ್ಸೆನಿಕ್ ಅನ್ನುವ ವಿಷ ಸಿಕ್ಕಿತ್ತು. ವರ್ಷಗಟ್ಟಲೆ ಅದನ್ನು ಕುಡಿದವರಿಗೆ ಎದೆ, ಬೆನ್ನಿನ ಮೇಲೆ ಮಳೆಹನಿ ಬಿದ್ದಂಥ ಚುಕ್ಕೆ, ಅಂಗೈ ಅಂಗಾಲು ಗಟ್ಟಿಯಾಗಿ ಗಂಟುಗಂಟು. ಅಂಥವರು ಕ್ರೀಮ್ ಹುಡುಕುವುದು ಬಿಟ್ಟು ನೀರು ಪರೀಕ್ಷೆ ಮಾಡಿಸಬೇಕು.

ಪ್ರಶ್ನೆ ಕೇಳಿದ ಅಕ್ಕ, ನೀವು ಗರ್ಭನಿರೋಧಕ ಮಾತ್ರೆ ತಗೊಳ್ಳುತ್ತೀರಾ? ಬಂಗು ಹೋಗದಿರಲು ಅದೂ ಒಂದು ಕಾರಣ.

ಪ್ರಶ್ನೆ ಕೇಳಿದವರು, ಹತ್ತು ದಿನದ ನಂತರ:

ಹೌದು, ಒಂದು ವರ್ಷದಿಂದ ಮಾತ್ರೆ ನುಂಗುತ್ತಿದ್ದೇನೆ. ಅದಕ್ಕೂ ಮುಖಕ್ಕೂ ಸಂಬಂಧ ಇದೆ ಅಂತ ಕನಸಲ್ಲೂ ಅಂದುಕೊಂಡಿರಲಿಲ್ಲ. ಚರ್ಮದ ಡಾಕ್ಟರೂ ಮೊದಲು ಕೇಳಿದ್ದು ಅದನ್ನೇ. ಬೇರೆ ಉಪಾಯದ ಬಗ್ಗೆ ಹೆರಿಗೆ ಡಾಕ್ಟರ ಹತ್ತಿರ ಮಾತಾಡಲು ಹೇಳಿದ್ದಾರೆ. ಅಜಿಲೇಯಿಕ್ ಆಸಿಡ್ ಬರೆದುಕೊಟ್ಟರು, ಟಿಂಟೆಡ್ ಸನ್‌ಸ್ಕ್ರೀನ್ ತಂದಿದ್ದೇನೆ. ಮೊದಲ ಫೋಟೋ ಅಡುಗೆಮನೆ ಕಿಟಕಿ ಪಕ್ಕ ತೆಗೆದದ್ದಾಯಿತು.

ನಿನ್ನೆ ಪಕ್ಕದ ಮನೆಗೆ ಹೋಗಿ ಆ ಟ್ಯೂಬ್ ತೋರಿಸಿ ಅಂದೆ. ತಿರುಗಿಸಿ ನೋಡಿದೆ. ಮೊಮೆಟಾಸೋನ್ ಇತ್ತು. ಅವರ ಮೂಗಿನ ಪಕ್ಕ ಕೆಂಪು ದಾರಗಳೂ ಇದ್ದವು, ಇಷ್ಟು ದಿನ ನಾನು ಗಮನಿಸಿರಲಿಲ್ಲ. ಬುಧವಾರ ಅವರನ್ನು ಅದೇ ಡಾಕ್ಟರ ಹತ್ತಿರ ಸ್ಕೂಟಿ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದೇನೆ.